ಮಡಚುವ ತನಕ ಹಿಡಿ, ಮಡಚಿದ ಮೇಲೆ ಬಿಡು

ಶಿರಸಿ ಕಡೆಯ ಮನೆಗಳಲ್ಲಿ ತೊಡದೇವು ಮಾಡುವುದನ್ನು ಹತ್ತಿರ ಕೂತು ನೋಡಿದವರಿಗೆ ಪ್ರೋಟೀನ್ ಮಡಚಿಕೊಳ್ಳುವ ಕಥೆಯ ಅರ್ಧ ಪಾಲು ಆಗಲೇ ಗೊತ್ತಿರುತ್ತದೆ. ಒಲೆಯ ಮೇಲೆ ಗಡಿಗೆ ಬೋರಲು. ಅದರ ಬೆನ್ನಿಗೆ ತೆಳ್ಳಗೆ ಎಣ್ಣೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಕಬ್ಬಿನ ಹಾಲು ಬೆರೆತ ಅಕ್ಕಿ ಹಿಟ್ಟಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ಬಳಿಯುತ್ತಾರೆ. ಅಂಚು ಏಳುತ್ತಿದ್ದಂತೆ ತುಪ್ಪ, ಸಕ್ಕರೆ ಪುಡಿ ಬಿದ್ದು, ಬಿಸಿಯಿರುವಾಗಲೇ ಹಾಳೆ ಮಡಚಿ ಆಗಬೇಕು. ಬೇಗ ಎತ್ತಿದರೆ ಮುದ್ದೆ. ತಡವಾದರೆ ಗರಿಯಾಗಿ ಪುಡಿಪುಡಿ. ಎರಡು ಹಸಿ ಹಾಳೆ ಒಂದರ ಮೇಲೊಂದು ಬಿದ್ದರೆ ಎರಡೂ ಹೋದವು, ಬಿಡಿಸಲು ಬರುವುದಿಲ್ಲ.

ಜೀವಕೋಶದೊಳಗೆ ಆ ಎಚ್ಚರದ ಕೈಯ ಕೆಲಸ ಮಾಡುವವು ಚಾಪರೋನ್ ಪ್ರೋಟೀನುಗಳು. ಒಂದು ವ್ಯತ್ಯಾಸ ಮಾತ್ರ ಇದೆ, ಅದನ್ನು ಮೊದಲೇ ಹೇಳಿಬಿಡಬೇಕು. ಎಲ್ಲಿ ಮಡಚಬೇಕು ಎಂಬುದು ಚಾಪರೋನಿಗೆ ಗೊತ್ತಿಲ್ಲ. ಆ ತಿಳಿವಳಿಕೆ ಇರುವುದು ಅಮೈನೋ ಆಮ್ಲಗಳ ಸಾಲಿನಲ್ಲೇ. ಕ್ರಿಶ್ಚಿಯನ್ ಆನ್‌ಫಿನ್ಸೆನ್ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದ ಆಕಾರವನ್ನು ಪೂರ್ತಿ ಬಿಚ್ಚಿ, ಅದು ತಾನಾಗಿಯೇ ಮತ್ತೆ ಮಡಚಿಕೊಳ್ಳುವುದನ್ನು ತೋರಿಸಿದರು. 1972ರ ನೊಬೆಲ್ ಅದಕ್ಕೇ ಬಂತು. ಹಾಗಿದ್ದರೆ ಚಾಪರೋನ್ ಯಾಕೆ? ಆನ್‌ಫಿನ್ಸೆನ್ ಅವರ ಕೊಳವೆಯಲ್ಲಿದ್ದದ್ದು ತೆಳು ದ್ರಾವಣ. ಕೋಶದೊಳಗೆ ಜಾತ್ರೆಯ ನೂಕುನುಗ್ಗಲು. ಅರ್ಧ ಮಡಚಿದ ಪ್ರೋಟೀನಿನ ಜಿಡ್ಡಿನ ಭಾಗಗಳು, ಅಂದರೆ ನೀರಿಗೆ ಒಗ್ಗದೆ ಒಳಗೆ ಅಡಗಬೇಕಾದ ಭಾಗಗಳು, ಹೊರಗೆ ತೆರೆದುಕೊಂಡಿರುತ್ತವೆ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಸಿಕ್ಕರೆ ಒಂದಕ್ಕೊಂದು ಅಂಟುತ್ತವೆ. ಚಾಪರೋನ್ ಆ ಜಿಡ್ಡಿನ ಭಾಗವನ್ನು ಸ್ವಲ್ಪ ಹೊತ್ತು ಮುಚ್ಚಿ ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಪಠ್ಯಪುಸ್ತಕಗಳು ಹಿಡಿಯುವುದನ್ನೇ ದೊಡ್ಡದು ಮಾಡಿ ಬಿಡುವುದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಕೋಶದಿಂದ ಹೊರಗೆ ಹೋಗಬೇಕಾದ ಪ್ರೋಟೀನುಗಳ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ.

ಹೊರಗೆ ಹೋಗುವವು ಯಾವುವು? ಇನ್ಸುಲಿನ್, ಪ್ರತಿಕಾಯಗಳು, ಮೂಳೆ-ಚರ್ಮದ ಕೊಲಾಜನ್, ಜೊಲ್ಲಿನ ಅಮೈಲೇಸ್, ಭತ್ತದ ಕಾಳಿನ ಸಂಗ್ರಹ ಪ್ರೋಟೀನು. ಇವೆಲ್ಲ ಮೊದಲು ನುಗ್ಗುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಜಾಲದೊಳಗೆ. ಇನ್ನು ಮುಂದೆ ಇಆರ್ ಅನ್ನುತ್ತೇನೆ. ಸಾಲಿನ ತಲೆಯಲ್ಲಿ 15ರಿಂದ 30 ಅಮೈನೋ ಆಮ್ಲಗಳ ಒಂದು ವಿಳಾಸ ಚೀಟಿ ಇರುತ್ತದೆ. ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮಿನಿಂದ ಅದು ಹೊರಬರುತ್ತಿದ್ದಂತೆ ಒಂದು ಕಣ ಅದನ್ನು ಗುರುತಿಸಿ, ಇಡೀ ರೈಬೋಸೋಮನ್ನೇ ಇಆರ್ ಪೊರೆಯ ಸೆಕ್61 ಎಂಬ ಕಾಲುವೆಗೆ ಕೂರಿಸುತ್ತದೆ. ಪ್ರೋಟೀನು ತಯಾರಾಗುತ್ತಲೇ ದಾರದಂತೆ ಒಳಗೆ ಇಳಿಯುತ್ತದೆ; ಚೀಟಿಯನ್ನು ಕತ್ತರಿಸಿ ಹಾಕಲಾಗುತ್ತದೆ. ಪ್ರೋಟೀನಿಗೆ ತನ್ನದೇ ವಿಳಾಸ ಇರುತ್ತದೆಂಬ ಈ ಸಂಗತಿಗೆ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಸಿಕ್ಕಿತು.

ಒಳಗಿನ ಹವಾಮಾನ ಹೊರಗಿನಂತಲ್ಲ. ಕೋಶದ್ರವಕ್ಕಿಂತ ಇಲ್ಲಿ ಕ್ಯಾಲ್ಸಿಯಂ ಸಾವಿರಾರು ಪಟ್ಟು ಹೆಚ್ಚು. ಕೋಶದ್ರವದಲ್ಲಿ ಗ್ಲುಟಥಯೋನ್ ಎಂಬ ಅಣುವಿನ ಅಪಕರ್ಷಿತ ಮತ್ತು ಉತ್ಕರ್ಷಿತ ರೂಪಗಳ ಅನುಪಾತ 30ಕ್ಕೆ 1ರಿಂದ 100ಕ್ಕೆ 1ರವರೆಗೆ ಇದ್ದರೆ, ಇಆರ್ ಹಾದಿಯಲ್ಲಿ ಅದು 1ಕ್ಕೆ 1ರಿಂದ 3ಕ್ಕೆ 1 ಅಷ್ಟೇ. ಅಂದರೆ ಸಿಸ್ಟೀನು ಎಂಬ ಗಂಧಕವಿರುವ ಅಮೈನೋ ಆಮ್ಲಗಳ ನಡುವೆ ಗಂಧಕದ ಕೊಂಡಿ ಬೀಳಲು ಹೇಳಿ ಮಾಡಿಸಿದ ಜಾಗ. ಹಾಗೆಯೇ ತಪ್ಪು ಕೊಂಡಿ ಬೀಳಲೂ.

ಇಲ್ಲಿಯ ಮುಖ್ಯ ಚಾಪರೋನಿನ ಹೆಸರು ಬಿಪ್. ತೂಕ 78 ಕಿಲೋಡಾಲ್ಟನ್. ಇದು ಎರಡು ಬಾರಿ, ಎರಡು ಬೇರೆ ಬಾಗಿಲಿನಿಂದ ವಿಜ್ಞಾನಕ್ಕೆ ಬಂತು. 1977ರಲ್ಲಿ ಗ್ಲೂಕೋಸ್ ಸಿಗದೆ ಸೊರಗಿದ ಕೋಶಗಳಲ್ಲಿ ಹೆಚ್ಚುವ ಪ್ರೋಟೀನಾಗಿ. 1983ರಲ್ಲಿ, ಜೊತೆಗಾರ ಸಿಗದ ಪ್ರತಿಕಾಯದ ಭಾರಿ ಸರಪಳಿಗೆ ಅಂಟಿಕೊಂಡೇ ಇರುವ ಪ್ರೋಟೀನಾಗಿ. ಎರಡೂ ಒಂದೇ ಎಂದು ತಿಳಿದದ್ದು ಆಮೇಲೆ. ಈಗಲೂ ಕೆಲವರು ಜಿಆರ್‌ಪಿ78 ಅನ್ನುತ್ತಾರೆ, ಕೆಲವರು ಬಿಪ್ ಅನ್ನುತ್ತಾರೆ. ಪ್ರಯೋಗಾಲಯಕ್ಕೆ ಇದನ್ನು ಗುರುತಿಸುವ ಪ್ರತಿಕಾಯ ಕೊಳ್ಳುವಾಗ ಎರಡು ಬೇರೆ ಬಾಟಲಿ ತರಿಸಿ ಹಣ ಕಳೆದುಕೊಳ್ಳಬೇಡಿ.

ಬಿಪ್ ಹಿಡಿದು ಬಿಡುವ ಬಗೆಯನ್ನು ನಿಧಾನಕ್ಕೆ ನೋಡಬೇಕು, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಇದಕ್ಕೆ ಎರಡು ತುಂಡು. ಒಂದು ತುಂಡು ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವನ್ನು ಹಿಡಿಯುತ್ತದೆ. ಇನ್ನೊಂದರಲ್ಲಿ ಒಂದು ಸೀಳು ಇದೆ, ಅದಕ್ಕೊಂದು ಮುಚ್ಚಳ ಇದೆ. ಸೀಳಿನಲ್ಲಿ ಕೂರುವುದು ಸುಮಾರು 7 ಅಮೈನೋ ಆಮ್ಲಗಳ ಉದ್ದ, ಅದರಲ್ಲೂ ಜಿಡ್ಡಿನವು ಒಂದು ಬಿಟ್ಟು ಒಂದು ಬಂದರೆ ಇದಕ್ಕೆ ಇಷ್ಟ. ಎಟಿಪಿ ಕೂತಾಗ ಮುಚ್ಚಳ ತೆರೆದಿರುತ್ತದೆ, ಪ್ರೋಟೀನು ಬಂದು ಹೋಗಬಹುದು, ಹಿಡಿತ ಸಡಿಲ. ಆಗ ಜೆ-ಪ್ರೋಟೀನು ಎಂಬ ಸಹಾಯಕ ಬಂದು ಎಟಿಪಿ ಒಡೆಯುವಂತೆ ತಟ್ಟುತ್ತದೆ. ಎಟಿಪಿ ಎಡಿಪಿ ಆಗುತ್ತದೆ, ಮುಚ್ಚಳ ಬೀಳುತ್ತದೆ, ಹಿಡಿತ ಬಿಗಿ. ಮನುಷ್ಯರ ಇಆರ್‌ನಲ್ಲಿ ಇಂಥ ಜೆ-ಪ್ರೋಟೀನುಗಳು ಏಳೆಂಟು ಇವೆ. ಕೆಲವು ಕಾಲುವೆಯ ಬಾಯಲ್ಲೇ ಕೂತಿರುತ್ತವೆ, ಕೆಲವು ಕೆಟ್ಟ ಮಾಲನ್ನು ಹುಡುಕಿ ತರುತ್ತವೆ. ಬಿಪ್ ಒಂದೇ ಆದರೂ ಅದರ ಕೈಗೆ ಏನು ಸಿಗುತ್ತದೆ ಎಂಬುದನ್ನು ತೀರ್ಮಾನಿಸುವವರು ಇವರು.

ಇಷ್ಟಾಯಿತು ಹಿಡಿಯುವುದು. ಬಿಡುವುದಕ್ಕೆ ಮೂರನೆಯವರು ಬೇಕು. ಸಿಲ್1 ಮತ್ತು ಜಿಆರ್‌ಪಿ170 ಎಂಬ ಪ್ರೋಟೀನುಗಳು ಬಿಪ್‌ನಿಂದ ಎಡಿಪಿಯನ್ನು ಕೀಳುತ್ತವೆ. ಖಾಲಿ ಜಾಗಕ್ಕೆ ಹೊಸ ಎಟಿಪಿ ಬರುತ್ತದೆ. ಮುಚ್ಚಳ ತೆರೆದು ಪ್ರೋಟೀನು ಬಿಡುಗಡೆ. ಮಡಚಿಕೊಳ್ಳುವ ಕೆಲಸ ನಡೆಯುವುದು ಈ ಬಿಟ್ಟ ಗಳಿಗೆಯಲ್ಲೇ, ಹಿಡಿದಿರುವಾಗ ಅಲ್ಲ. ಸರಿಯಾಗಿ ಮಡಚಿದರೆ ಜಿಡ್ಡಿನ ಭಾಗ ಒಳಗೆ ಹೋಗಿರುತ್ತದೆ, ಬಿಪ್‌ಗೆ ಹಿಡಿಯಲು ಏನೂ ಸಿಗದು. ಆಗದಿದ್ದರೆ ಮತ್ತೆ ಹಿಡಿತ, ಮತ್ತೆ ಬಿಡುಗಡೆ. ಇಲ್ಲಿ ಪರೀಕ್ಷಕರು ಅಂತ ಬೇರೆ ಯಾರೂ ಇಲ್ಲ. ಹಿಡಿಯಲು ಜಾಗ ಸಿಕ್ಕಿತೇ ಇಲ್ಲವೇ, ಅದೇ ಪರೀಕ್ಷೆ.

ಬಿಡುವ ಕೈ ಕೆಟ್ಟರೆ ಏನಾಗುತ್ತದೆಂಬುದಕ್ಕೆ ಪುರಾವೆ ರೋಗಿಗಳಲ್ಲೇ ಇದೆ. ಸಿಲ್1 ಜೀನ್ ಕೆಟ್ಟವರಿಗೆ ಮರಿನೆಸ್ಕೋ-ಶೋಗ್ರೆನ್ ಸಿಂಡ್ರೋಮ್ ಬರುತ್ತದೆ ಎಂದು 2005ರಲ್ಲಿ ಗೊತ್ತಾಯಿತು. ಎಳವೆಯಲ್ಲೇ ಕಣ್ಣಿನ ಪೊರೆ, ನಡಿಗೆಯ ತೂಗಾಟ, ಸ್ನಾಯುಗಳ ದುರ್ಬಲತೆ. ಇವರಲ್ಲಿ ಬಿಪ್ ಇದೆ, ಹಿಡಿಯುತ್ತದೆ ಕೂಡ. ಕೆಟ್ಟದ್ದು ಬಿಡಿಸುವ ಕೈ.

ಬಿಪ್ ಹೆಚ್ಚಾದರೂ ಅದೇ ಪಾಡು. ಔಷಧಿ ಪ್ರೋಟೀನು ತಯಾರಿಸುವ ಹ್ಯಾಮ್‌ಸ್ಟರ್ ಅಂಡಾಶಯ ಕೋಶಗಳಲ್ಲಿ ರಾಂಡಲ್ ಕಾಫ್‌ಮನ್ ಅವರ ತಂಡ 1988ರಲ್ಲಿ ಬಿಪ್ ಕಡಿಮೆ ಮಾಡಿ ನೋಡಿತು: ಬಿಪ್‌ಗೆ ಅಂಟಿಕೊಂಡು ಒಳಗೇ ಉಳಿಯುತ್ತಿದ್ದ ಒಂದು ಪ್ರೋಟೀನಿನ ಸ್ರಾವ ಹೆಚ್ಚಿತು. 1992ರಲ್ಲಿ ಅದೇ ತಂಡ ಬಿಪ್ ಹೆಚ್ಚಿಸಿ ನೋಡಿತು: ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8ರ ಸ್ರಾವ ಇಳಿಯಿತು. ಸ್ರಾವ ಕಡಿಮೆಯಾಗಿದೆ ಅಂದಾಕ್ಷಣ ಚಾಪರೋನ್ ಜೀನ್ ತುರುಕುವ ಅಭ್ಯಾಸ ಇನ್ನೂ ಇದೆ. ಮೊದಲು ಕೇಳಬೇಕಾದ ಪ್ರಶ್ನೆ: ನಿಮ್ಮ ಪ್ರೋಟೀನು ಮುದ್ದೆಯಾಗುತ್ತಿದೆಯೋ, ಬಿಪ್ ಕೈಯಲ್ಲೇ ಸಿಕ್ಕಿಬಿದ್ದಿದೆಯೋ? ಮೊದಲನೆಯದಾದರೆ ಚಾಪರೋನ್ ಹೆಚ್ಚಿಸಿದರೆ ಉಪಯೋಗವಾದೀತು. ಎರಡನೆಯದಾದರೆ ಇನ್ನಷ್ಟು ಹಾಳು.

ಇದರ ಊರಿನ ಉದಾಹರಣೆ ಭತ್ತದಲ್ಲಿದೆ. ಅಘನಾಶಿನಿ ಹಿನ್ನೀರಿನ ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಕಗ್ಗ ತಳಿಯೇ ಇರಲಿ, ಘಟ್ಟದ ಮೇಲಿನ ಗದ್ದೆಯ ತಳಿಯೇ ಇರಲಿ, ಹಾಲುಗಾಳು ಗಟ್ಟಿಯಾಗುವ ದಿನಗಳಲ್ಲಿ ಕಾಳಿನ ಕೋಶಗಳು ಇಆರ್‌ಗೆ ಒಂದೇ ಸಮನೆ ಪ್ರೋಟೀನು ಸುರಿಯುತ್ತಿರುತ್ತವೆ. ಅವು ಎರಡು ಜಾತಿ. ಪ್ರೋಲಮಿನ್ ಎಂಬುದು ಇಆರ್‌ನೊಳಗೇ ಗುಂಡಾಗಿ ಕೂತು ಅಲ್ಲೇ ಉಳಿಯುತ್ತದೆ. ಗ್ಲುಟೆಲಿನ್ ಎಂಬುದು ಇಆರ್ ಆದಮೇಲಿನ ನಿಲ್ದಾಣವಾದ ಗಾಲ್ಜಿ ದಾಟಿ ಸಂಗ್ರಹದ ಕುಹರಕ್ಕೆ ಹೋಗಬೇಕು. ಅಕ್ಕಿಯ ಪ್ರೋಟೀನಿನ ದೊಡ್ಡ ಪಾಲು ಇದೇ. ಒಂದೇ ಅಡುಗೆಮನೆಯಲ್ಲಿ ಇರಬೇಕಾದ್ದು ಇರಬೇಕು, ಹೋಗಬೇಕಾದ್ದು ಹೋಗಬೇಕು. ಗಂಧಕದ ಕೊಂಡಿ ಸರಿಪಡಿಸುವ ಪಿಡಿಐ ಎಂಬ ಕಿಣ್ವದ ಒಂದು ರೂಪ ಇಲ್ಲದ ಭತ್ತದ ತಳಿಯೊಂದಿದೆ, ಸಂಶೋಧಕರು ಇಎಸ್‌ಪಿ2 ಅನ್ನುತ್ತಾರೆ. ಅದರಲ್ಲಿ ಗ್ಲುಟೆಲಿನ್ ಪ್ರೋಲಮಿನ್ ಜೊತೆ ತಪ್ಪು ಕೊಂಡಿ ಹಾಕಿಕೊಂಡು ಹೊರಡುವುದೇ ಇಲ್ಲ. ಇನ್ನು ಜಪಾನಿನ ಸಂಶೋಧಕರು ಭತ್ತದ ಕಾಳಿನಲ್ಲಿ ಬಿಪ್ ಅನ್ನು ವಿಪರೀತ ಹೆಚ್ಚಿಸಿದಾಗ ಸಂಗ್ರಹ ಪ್ರೋಟೀನು ಹೆಚ್ಚುವ ಬದಲು ಕುಸಿಯಿತು. ಕಾಳು ಹಿಟ್ಟುಹಿಟ್ಟಾಗಿ, ಬೆಳಕು ಹಾಯದ ಸುಣ್ಣದ ಬಿಳಿಯಾಯಿತು. ಸುಣ್ಣದ ಬಿಳಿ ಕಾಳು ಮಿಲ್ಲಿನಲ್ಲಿ ನುಚ್ಚಾಗುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗದ್ದೆಯಲ್ಲಿ ಕಾಣುವ ಬಿಳಿ ಹೊಟ್ಟೆಗೆಲ್ಲ ಬಿಪ್ ಕಾರಣ ಅಂತಲ್ಲ; ಕಾಳು ಕಟ್ಟುವಾಗಿನ ಸೆಕೆ, ಪಿಷ್ಟದ ಏರುಪೇರು ಮುಂತಾಗಿ ಬೇರೆ ಕಾರಣಗಳಿವೆ.

ಮೊಳಕೆಯ ಹೊತ್ತಿಗೆ ಇದೇ ಕಾಳಿನಲ್ಲಿ ಇನ್ನೊಂದು ಸ್ರಾವ ಶುರು. ಭ್ರೂಣ ಜಿಬ್ಬರೆಲಿನ್ ಎಂಬ ಹಾರ್ಮೋನು ಕಳಿಸುತ್ತದೆ. ಕಾಳಿನ ಸಿಪ್ಪೆಗೆ ತಾಗಿದ ಅಲ್ಯೂರೋನ್ ಪದರ ಅಮೈಲೇಸ್ ತಯಾರಿಸಿ ಒಳಕ್ಕೆ ಸುರಿಯುತ್ತದೆ. ಪಿಷ್ಟ ಕರಗಿ ಸಕ್ಕರೆಯಾಗುತ್ತದೆ. ಅಮೈಲೇಸ್ ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು, ಅದನ್ನು ಇಆರ್ ಒಳಗೇ ತುಂಬಲಾಗುತ್ತದೆ. ಬಾರ್ಲಿಯಲ್ಲಿ ಜಿಬ್ಬರೆಲಿನ್ ಬಂದಾಗ ಅಮೈಲೇಸ್ ಜೊತೆಗೆ ಬಿಪ್ ಕೂಡ ಏರುತ್ತದೆ. ಸರಕಿಗೆ ತಕ್ಕ ಕೈಗಳು. ಅದೇ ಬಾರ್ಲಿ ಪದರವನ್ನು 40 ಡಿಗ್ರಿಗೆ ಏರಿಸಿದರೆ ಇಆರ್‌ನ ಹಾಳೆಗಳೇ ಚೆದುರಿ, ಅಮೈಲೇಸ್‌ನ ಸಂದೇಶವಾಹಕ ಆರ್‌ಎನ್‌ಎ ನಾಶವಾಗುತ್ತದೆ ಎಂದು 1986ರಲ್ಲೇ ತೋರಿಸಲಾಗಿದೆ. ಗೋಣಿಯಲ್ಲಿ ಕಟ್ಟಿಟ್ಟ ಬಿತ್ತನೆ ಭತ್ತ ತನ್ನದೇ ಉಸಿರಾಟದಿಂದ ಬಿಸಿಯೇರುತ್ತದೆ. ಅದಕ್ಕೇ ನಡುವೆ ನೀರು ಚಿಮುಕಿಸಿ, ಗೋಣಿ ಮಗುಚಿ, ಕೈ ಹಾಕಿ ನೋಡುವ ಪದ್ಧತಿ. ಕೈಗೆ ಸುಡುವಷ್ಟು ಬಿಸಿ ಹತ್ತಿದರೆ ತಡ ಮಾಡದೆ ಹರಡಬೇಕು.

ಸಕ್ಕರೆಯ ಚೀಟಿ ಅಂಟಿಸುವ ವ್ಯವಸ್ಥೆ ಇನ್ನೊಂದಿದೆ, ನನ್ನ ಕಣ್ಣಿಗೆ ಇಆರ್‌ನ ಅತಿ ಚಂದದ ಯಂತ್ರ ಅದು. ಕಾಲುವೆಯಿಂದ ಇಳಿಯುತ್ತಿರುವ ಪ್ರೋಟೀನಿನ ಆಸ್ಪರಜೀನ್ ಎಂಬ ಅಮೈನೋ ಆಮ್ಲಕ್ಕೆ 14 ಸಕ್ಕರೆಗಳ ಒಂದು ಗೊಂಚಲು ಒಟ್ಟಿಗೇ ಅಂಟುತ್ತದೆ: 3 ಗ್ಲೂಕೋಸ್, 9 ಮ್ಯಾನೋಸ್, 2 ಅಸಿಟೈಲ್ ಗ್ಲುಕೋಸಮೈನ್. ಕೂಡಲೇ ತುದಿಯ 2 ಗ್ಲೂಕೋಸ್ ಕತ್ತರಿಸಲಾಗುತ್ತದೆ. ಒಂದೇ ಗ್ಲೂಕೋಸ್ ಉಳಿದ ಗೊಂಚಲನ್ನು ಕಾಲ್ನೆಕ್ಸಿನ್ ಮತ್ತು ಕಾಲ್ರೆಟಿಕ್ಯುಲಿನ್ ಎಂಬ ಚಾಪರೋನುಗಳು ಹಿಡಿಯುತ್ತವೆ. ಆ ಕೊನೆಯದೂ ಕತ್ತರಿಸಿದರೆ ಬಿಡುಗಡೆ. ಬಿಟ್ಟ ಪ್ರೋಟೀನನ್ನು ಯುಜಿಜಿಟಿ ಎಂಬ ಕಿಣ್ವ ತಡವಿ ನೋಡುತ್ತದೆ. ಇನ್ನೂ ಜಿಡ್ಡು ಕಂಡರೆ ಒಂದು ಗ್ಲೂಕೋಸ್ ಮರಳಿ ಅಂಟಿಸುತ್ತದೆ, ಅಂದರೆ ಮತ್ತೆ ಸರತಿಗೆ. ಇದೆಲ್ಲ ನಡೆಯುವಾಗ ಮ್ಯಾನೋಸ್ ಕತ್ತರಿಸುವ ನಿಧಾನದ ಕಿಣ್ವಗಳು ಪಕ್ಕದಲ್ಲೇ ಗಡಿಯಾರದಂತೆ ಓಡುತ್ತಿರುತ್ತವೆ. ಬಹಳ ಹೊತ್ತು ತಿರುಗಿದ ಪ್ರೋಟೀನಿನ ಮ್ಯಾನೋಸುಗಳು ಒಂದೊಂದಾಗಿ ಉದುರುತ್ತವೆ. ಉದುರಿದ ಗುರುತು ಕಂಡೊಡನೆ ಅದನ್ನು ಇಆರ್‌ನಿಂದ ಹೊರಕ್ಕೆಳೆದು, ಯುಬಿಕ್ವಿಟಿನ್ ಮುದ್ರೆ ಒತ್ತಿ, ಪ್ರೋಟಿಯಾಸೋಮಿನಲ್ಲಿ ಅರೆದುಬಿಡುತ್ತಾರೆ.

ಗಡಿಯಾರ ಕೆಲವೊಮ್ಮೆ ಅನ್ಯಾಯವನ್ನೂ ಮಾಡುತ್ತದೆ. ಕೆಲಸ ಮಾಡಬಲ್ಲ ಪ್ರೋಟೀನು ಕೂಡ ನಿಧಾನಕ್ಕೆ ಮಡಚುತ್ತದೆಂಬ ಒಂದೇ ಕಾರಣಕ್ಕೆ ಅರೆಯಲ್ಪಡಬಹುದು. ಇನ್ನೊಂದು ಬಗೆಯ ತೊಂದರೆ, ಯಕೃತ್ತು ತಯಾರಿಸಿ ಶ್ವಾಸಕೋಶ ಕಾಯಲು ಕಳಿಸುವ ಆಲ್ಫಾ-1 ಆಂಟಿಟ್ರಿಪ್ಸಿನ್‌ನ ಝಡ್ ರೂಪದ್ದು: 342ನೆಯ ಸ್ಥಾನದ ಗ್ಲುಟಮೇಟ್ ಲೈಸಿನ್ ಆದದ್ದೇ ತಡ, ಅಣುಗಳು ಒಂದರೊಳಗೊಂದು ಸಿಕ್ಕಿಕೊಂಡು ಯಕೃತ್ತಿನ ಇಆರ್‌ನಲ್ಲಿ ಸರಮಾಲೆಯಾಗುತ್ತವೆ. ಕೂಡಿಬಿದ್ದಲ್ಲಿ ಯಕೃತ್ತಿಗೆ ಪೆಟ್ಟು, ತಲುಪದಲ್ಲಿ ಶ್ವಾಸಕೋಶಕ್ಕೆ ಪೆಟ್ಟು.

ಬಿಡುವುದರ ಇನ್ನೊಂದು ಬೆರಗು ಹುಳಿಯಲ್ಲಿದೆ. ಇಆರ್‌ನ ಪಿಎಚ್ ಸುಮಾರು 7.2, ಗಾಲ್ಜಿಗೆ ಕಾಲಿಟ್ಟರೆ 6.5ರ ಆಸುಪಾಸು. ಮುರುಗಲು ಸಾರಿನ ಹುಳಿಯ ಮುಂದೆ ಇದು ಏನೂ ಅಲ್ಲ, ಆದರೆ ಪ್ರೋಟೀನಿಗೆ ಸಾಕು. ಕೊಲಾಜನ್ನಿನ ಮೂರೆಳೆ ಹುರಿಯನ್ನು ಬಿಗಿಯಾಗಿ ಹಿಡಿದು ತರುವ ಎಚ್‌ಎಸ್‌ಪಿ47 ಈ ಸಣ್ಣ ಹುಳಿಗೆ ಕೈಬಿಡುತ್ತದೆ. ಅದೇ ಹುಳಿಯಲ್ಲಿ ಇನ್ನೊಂದು ಗ್ರಾಹಿ, ತಪ್ಪಿ ಹೊರಟ ಬಿಪ್‌ನಂಥವುಗಳ ಬಾಲ ಹಿಡಿದು ಇಆರ್‌ಗೆ ವಾಪಸು ತರುತ್ತದೆ. ಬಾಲ ಅಂದರೆ ಕೊನೆಯ 4 ಅಮೈನೋ ಆಮ್ಲಗಳು: ಲೈಸಿನ್, ಆಸ್ಪಾರ್ಟೇಟ್, ಗ್ಲುಟಮೇಟ್, ಲ್ಯೂಸಿನ್. ಮುನ್ರೋ ಮತ್ತು ಪೆಲ್‌ಹ್ಯಾಮ್ 1987ರಲ್ಲಿ ಗುರುತಿಸಿದ ಈ ಬಾಲಕ್ಕೆ ಕೆಡಿಇಎಲ್ ಎಂದು ಹೆಸರು. ಒಂದೇ ಹುಳಿಗೆ ಒಂದು ಕೈ ಬಿಚ್ಚುತ್ತದೆ, ಇನ್ನೊಂದು ಮುಚ್ಚುತ್ತದೆ.

ಸಿದ್ದಾಪುರ ಕಡೆ ಬೇಸಿಗೆಯ ಹೆದರಿಕೆಯಾದ ಮಂಗನ ಕಾಯಿಲೆಯ ವೈರಸ್ಸೂ ಫ್ಲೇವಿವೈರಸ್ ಕುಲದ್ದು. ಈ ಕುಲದ ವೈರಸ್ಸುಗಳ ಹೊರಕವಚದ ಪ್ರೋಟೀನುಗಳು ಮಡಚುವುದು ನಮ್ಮದೇ ಇಆರ್‌ನಲ್ಲಿ. ಉಣುಗಿನಿಂದ ಹರಡುವ ಇದರ ಬಂಧು, ಯುರೋಪಿನ ಮಿದುಳುಜ್ವರದ ವೈರಸ್ಸಿನ ಮೇಲೆ ನಡೆದ ಕೆಲಸದಿಂದ ಗೊತ್ತಾದದ್ದು: ವೈರಸ್ಸು ಇ ಎಂಬ ಕವಚ ಪ್ರೋಟೀನಿಗೆ ಪಿಆರ್‌ಎಂ ಎಂಬ ತನ್ನದೇ ಚಾಪರೋನನ್ನು ಜೊತೆಗೆ ಕಳಿಸುತ್ತದೆ. ಗಾಲ್ಜಿಯ ಹುಳಿಯಲ್ಲಿ ಫ್ಯೂರಿನ್ ಎಂಬ ಕಿಣ್ವ ಪಿಆರ್‌ಎಂ ಅನ್ನು ಕತ್ತರಿಸುತ್ತದೆ, ಆದರೆ ಕತ್ತರಿಸಿದ ತುಂಡು ಹುಳಿಯಲ್ಲಿ ಅಂಟಿಕೊಂಡೇ ಇದ್ದು, ಕೋಶದ ಹೊರಗೆ ಬಂದ ಮೇಲಷ್ಟೇ ಉದುರುತ್ತದೆ. ಮೊದಲೇ ಉದುರಿದ್ದರೆ ಇ ಪ್ರೋಟೀನು ಗಾಲ್ಜಿಯ ಪೊರೆಗೇ ಬೆಸೆದುಕೊಂಡು ಕೆಡುತ್ತಿತ್ತು. ಯಾವಾಗ ಬಿಡಬೇಕೆಂಬ ಲೆಕ್ಕವನ್ನು ವೈರಸ್ಸೂ ಕಲಿತಿದೆ.

ಒಳಬರುವ ಸರಕು ಕೈಗಳಿಗಿಂತ ಹೆಚ್ಚಾದರೆ? ಇಆರ್ ಪೊರೆಯಲ್ಲಿ ಮೂವರು ಕಾವಲುಗಾರರಿದ್ದಾರೆ: ಪರ್ಕ್, ಎಟಿಎಫ್6, ಐಆರ್‌ಇ1. ಸುಮ್ಮನಿರುವಾಗ ಇವರಿಗೆ ಬಿಪ್ ಅಂಟಿಕೊಂಡಿರುತ್ತದೆ. ಸರಕು ಹೆಚ್ಚಿ ಬಿಪ್ ಅತ್ತ ಹೋದಾಗ ಇವರು ಎಚ್ಚರಗೊಳ್ಳುತ್ತಾರೆ ಎಂಬುದು ಒಂದು ವಿವರಣೆ. ಕೆಟ್ಟ ಪ್ರೋಟೀನು ನೇರವಾಗಿ ಬಂದು ತಾಗುತ್ತದೆ ಎಂಬುದು ಇನ್ನೊಂದು. ಯೀಸ್ಟ್‌ನ ಐಆರ್‌ಇ1 ವಿಷಯದಲ್ಲಿ ಇದಕ್ಕೆ ಬಲವಿದೆ. ಪರ್ಕ್ ಎಂಬುದು ಮೊದಲು ಒಳಹರಿವನ್ನು ತಗ್ಗಿಸುತ್ತದೆ: ಪ್ರೋಟೀನು ತಯಾರಿಕೆ ಶುರು ಮಾಡಿಸುವ ಇಐಎಫ್2 ಆಲ್ಫಾಕ್ಕೆ ಒಂದು ಫಾಸ್ಫೇಟ್ ಅಂಟಿಸಿ ಹೊಸ ಪ್ರೋಟೀನು ತಯಾರಿಕೆಗೇ ಕಡಿವಾಣ. ಎಟಿಎಫ್6 ಗಾಲ್ಜಿಗೆ ಹೋಗಿ ಅಲ್ಲಿ ಕತ್ತರಿಸಲ್ಪಟ್ಟು, ಅದರ ತುಂಡು ನ್ಯೂಕ್ಲಿಯಸ್ಸಿಗೆ ಹೋಗಿ ಬಿಪ್ ಮುಂತಾದ ಜೀನುಗಳನ್ನು ಎಬ್ಬಿಸುತ್ತದೆ. ಐಆರ್‌ಇ1 ಮಾಡುವುದು ವಿಚಿತ್ರ: ಕೋಶದ್ರವದಲ್ಲೇ ಎಕ್ಸ್‌ಬಿಪಿ1ರ ಆರ್‌ಎನ್‌ಎಯಿಂದ 26 ಅಕ್ಷರ ಕತ್ತರಿಸಿ ತೆಗೆಯುತ್ತದೆ. 26 ಮೂರರಿಂದ ಭಾಗವಾಗದ ಸಂಖ್ಯೆ, ಹಾಗಾಗಿ ಅಲ್ಲಿಂದ ಮುಂದೆ ಓದುವ ಕ್ರಮವೇ ಬದಲಾಗಿ ಬಲವಾದ ಹೊಸ ಪ್ರೋಟೀನು ಹುಟ್ಟುತ್ತದೆ. ಇದರ ಕಥೆಯನ್ನು ಬಿಡಿಸಿದ ಕಜುತೋಶಿ ಮೋರಿ ಮತ್ತು ಪೀಟರ್ ವಾಲ್ಟರ್ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಹಂಚಿಕೊಂಡರು. ಸಸ್ಯಗಳಲ್ಲಿ ಐಆರ್‌ಇ1 ಇದೆ, ಎಟಿಎಫ್6ರಂಥವೂ ಇವೆ, ಪರ್ಕ್ ಮಾತ್ರ ಕಂಡಿಲ್ಲ. ಒತ್ತಡ ಬಹಳ ದಿನ ಮುಂದುವರಿದರೆ ಇದೇ ವ್ಯವಸ್ಥೆ ಚಾಪ್ ಎಂಬ ಪ್ರೋಟೀನಿನ ಮೂಲಕ ಕೋಶವನ್ನೇ ಸಾಯಿಸುತ್ತದೆ.

ಪರ್ಕ್ ಇಲ್ಲದೆ ಹುಟ್ಟಿದ ಮಕ್ಕಳಿಗೆ ಎಳವೆಯಲ್ಲೇ ಮಧುಮೇಹ ಬರುತ್ತದೆ. ವೋಲ್ಕಾಟ್-ರಾಲಿಸನ್ ಸಿಂಡ್ರೋಮ್ ಎಂಬ ಈ ಕಾಯಿಲೆಯ ಜೀನ್ 2000ದಲ್ಲಿ ಸಿಕ್ಕಿತು. ಇನ್ಸುಲಿನ್ ತಯಾರಿಸುವ ಬೀಟಾ ಕೋಶ, ಸರಕು ತಗ್ಗಿಸುವ ಕೈ ಇಲ್ಲದಾಗ, ತನ್ನದೇ ದುಡಿಮೆಯಲ್ಲಿ ಮುಳುಗುತ್ತದೆ. ಇನ್ಸುಲಿನ್ನಿನ ಮೊದಲ ರೂಪವಾದ ಪ್ರೋಇನ್ಸುಲಿನ್ 86 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು, ಆದರೆ 6 ಸಿಸ್ಟೀನು ಸೇರಿ 3 ಕೊಂಡಿ ಸರಿಯಾಗಿ ಬೀಳಬೇಕು. 6 ಸಿಸ್ಟೀನುಗಳನ್ನು ಜೋಡಿ ಮಾಡಲು 15 ದಾರಿಗಳಿವೆ, ಸರಿ ಇರುವುದು ಒಂದು. ಅಕಿತಾ ಇಲಿಯಲ್ಲಿ ಒಂದು ಸಿಸ್ಟೀನಿನ ಜಾಗಕ್ಕೆ ಟೈರೋಸಿನ್ ಬಂದಿದೆ. ಇನ್ನೊಂದು ಜೀನಿನ ಪ್ರತಿ ಸರಿಯಿದ್ದರೂ ಇಲಿಗೆ ಮಧುಮೇಹ, ಯಾಕೆಂದರೆ ಜೋಡಿ ಸಿಗದ ಸಿಸ್ಟೀನು ಒಳ್ಳೆಯ ಪ್ರೋಇನ್ಸುಲಿನ್ನನ್ನೂ ತನ್ನೊಡನೆ ಕಟ್ಟಿಹಾಕುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ನೋಡಬಯಸುವ ಎಂ.ಎಸ್ಸಿ. ವಿದ್ಯಾರ್ಥಿಗಳು ಎಡವುವ ಜಾಗಗಳು ಬಹುಪಾಲು ಒಂದೇ. ಇಆರ್‌ಗೆ ಬೇಕೆಂದೇ ಒತ್ತಡ ತರಲು ಸಸ್ತನಿ ಕೋಶಗಳಿಗೆ ಹಾಕುವುದು ಟ್ಯೂನಿಕಮೈಸಿನ್ ಮಿಲಿಲೀಟರಿಗೆ 1ರಿಂದ 5 ಮೈಕ್ರೋಗ್ರಾಂ, ಥಾಪ್ಸಿಗಾರ್ಗಿನ್ 0.3ರಿಂದ 1 ಮೈಕ್ರೋಮೋಲಾರ್, ಡಿಟಿಟಿ 1-2 ಮಿಲಿಮೋಲಾರ್. ಮೊದಲನೆಯದು ಸಕ್ಕರೆ ಗೊಂಚಲು ತಡೆಯುತ್ತದೆ, ಎರಡನೆಯದು ಕ್ಯಾಲ್ಸಿಯಂ ಬರಿದು ಮಾಡುತ್ತದೆ, ಮೂರನೆಯದು ಕೊಂಡಿ ಮುರಿಯುತ್ತದೆ. ಎಕ್ಸ್‌ಬಿಪಿ1 ಕತ್ತರಿಸುವುದು 2ರಿಂದ 4 ಗಂಟೆಯಲ್ಲಿ ಕಾಣುತ್ತದೆ, ಬಿಪ್ ಪ್ರೋಟೀನು ಏರುವುದು ಕಾಣಲು ರಾತ್ರಿ ಕಳೆಯಬೇಕು. ನಾಲ್ಕೇ ಗಂಟೆಗೆ ಬ್ಲಾಟ್ (ಪ್ರತಿಕಾಯದಿಂದ ಪ್ರೋಟೀನು ಗುರುತಿಸುವ ಪರೀಕ್ಷೆ) ಮಾಡಿ ಏನೂ ಆಗಿಲ್ಲ ಅಂದುಕೊಳ್ಳುವುದು ಮಾಮೂಲಿ.

26 ಅಕ್ಷರದ ವ್ಯತ್ಯಾಸ ಸಾಮಾನ್ಯ 1 ಶೇಕಡಾ ಅಗರೋಸ್ ಜೆಲ್‌ನಲ್ಲಿ ಕಾಣದು, 2.5ರಿಂದ 3 ಶೇಕಡಾ ಬೇಕು. ಆಗಲೂ ಮೇಲೆ ಮೂರನೆಯ ಪಟ್ಟಿಯೊಂದು ಬರುತ್ತದೆ. ಅದು ಹೊಸ ರೂಪವಲ್ಲ. ಕತ್ತರಿಸಿದ ಮತ್ತು ಕತ್ತರಿಸದ ಎಳೆಗಳು ಪಿಸಿಆರ್ ತಣಿಯುವಾಗ ಜೋಡಿಯಾಗಿ ನಿಧಾನ ಓಡುವ ಕಲಬೆರಕೆ. ಪಿಎಸ್‌ಟಿ1 ಕಿಣ್ವ ಹಾಕಿದರೆ ಕತ್ತರಿಸದ ರೂಪ ಮಾತ್ರ ತುಂಡಾಗುವುದರಿಂದ ಅನುಮಾನ ಬಗೆಹರಿಯುತ್ತದೆ.

ಬಿಪ್ ಯಾರನ್ನು ಹಿಡಿದಿದೆ ಎಂದು ನೋಡಲು ಕೋಶ ಒಡೆದಾಗ ದ್ರಾವಣದಲ್ಲಿ ಎಟಿಪಿ ಉಳಿದಿದ್ದರೆ, ನೀವು ಪ್ರತಿಕಾಯ ಹಾಕುವಷ್ಟರಲ್ಲಿ ಬಿಪ್ ಕೈಬಿಟ್ಟಿರುತ್ತದೆ. ಅಪೈರೇಸ್ ಹಾಕಿ, ಇಲ್ಲವೇ ಗ್ಲೂಕೋಸ್ ಜೊತೆ ಹೆಕ್ಸೋಕೈನೇಸ್ ಹಾಕಿ ಎಟಿಪಿ ಮುಗಿಸಬೇಕು. ಗಂಧಕದ ಕೊಂಡಿ ನೋಡುವವರು ಒಡೆಯುವ ದ್ರಾವಣದಲ್ಲೇ, ಬಿಡಿ ಸಿಸ್ಟೀನುಗಳನ್ನು ಮುಚ್ಚಿಬಿಡುವ 20 ಮಿಲಿಮೋಲಾರ್ ಎನ್‌ಇಎಂ ಅನ್ನು ಆಗತಾನೇ ಕರಗಿಸಿ ಹಾಕಿರಬೇಕು. ಹಳೆಯದು ನೀರಿನಲ್ಲಿ ಕೆಡುತ್ತದೆ, ಆಮೇಲೆ ಕೊಳವೆಯಲ್ಲಿ ಬಿದ್ದ ಕೊಂಡಿಯನ್ನು ಕೋಶದ್ದೆಂದು ಬರೆಯಬೇಕಾಗುತ್ತದೆ. ಪ್ರೋಟೀನನ್ನು ಇಆರ್‌ನಲ್ಲಿ ಉಳಿಸಲು ಕೆಡಿಇಎಲ್ ಬಾಲ ಹಾಕಿ, ಅದರ ನಂತರ ಹಿಸ್ಟಿಡಿನ್ ಟ್ಯಾಗ್ ಅಂಟಿಸಿದರೆ ಬಾಲ ಬಾಲವಾಗಿ ಉಳಿಯುವುದಿಲ್ಲ, ಪ್ರೋಟೀನು ಹೊರಗೆ ಸೋರುತ್ತದೆ. ಟ್ಯಾಗ್ ಮೊದಲು, ಕೆಡಿಇಎಲ್ ಕಟ್ಟಕಡೆಗೆ.

ಎಲ್ಲಕ್ಕಿಂತ ಸಾಮಾನ್ಯ ತಪ್ಪು ಕಂಟ್ರೋಲ್ ತಟ್ಟೆಯದು. ಕೋಶಗಳ ಆಹಾರ ದ್ರವವಾದ ಮಾಧ್ಯಮ ಬದಲಿಸದೆ ಶುಕ್ರವಾರದಿಂದ ಸೋಮವಾರದವರೆಗೆ ಬಿಟ್ಟ ಕೋಶಗಳು ಗ್ಲೂಕೋಸ್ ಮುಗಿಸಿ ತಾವಾಗಿಯೇ ಬಿಪ್ ಏರಿಸಿಕೊಂಡಿರುತ್ತವೆ. 1977ರಲ್ಲಿ ಅದು ಕಣ್ಣಿಗೆ ಬಿದ್ದದ್ದೇ ಹಾಗೆ. ಪ್ರಯೋಗಕ್ಕೆ ಕೆಲವು ಗಂಟೆ ಮೊದಲು ಎಲ್ಲ ತಟ್ಟೆಗಳಿಗೂ ಹೊಸ ಮಾಧ್ಯಮ ಹಾಕಿ.

ಹೊರಬಂದ ಪ್ರೋಟೀನಿಗೆ ರಕ್ತದಲ್ಲಿ ಕ್ಲಸ್ಟರಿನ್‌ನಂಥ ಚಾಪರೋನುಗಳಿವೆ, ಎಟಿಪಿ ಇಲ್ಲದೆಯೇ ಕೆಟ್ಟದ್ದನ್ನು ಹಿಡಿದು ಯಕೃತ್ತಿಗೆ ಒಪ್ಪಿಸುವವು. ಮಡಚಿ ಸರಿ ಮಾಡುವ ಶಕ್ತಿ ಅವಕ್ಕಿಲ್ಲ. ಇನ್ಸುಲಿನ್ ಬಾಟಲಿಯೊಳಗೆ ಅದೂ ಇಲ್ಲ. ಅಲ್ಲಿ ಕಾಯುವುದು ಸತು ಮತ್ತು ಫೀನಾಲ್ ಜಾತಿಯ ಸಂರಕ್ಷಕ: ಆರಾರು ಅಣುಗಳನ್ನು ಒಟ್ಟಿಗೆ ಹಿಡಿದಿಡುತ್ತವೆ, ಬಿಡಿಯಾದ ಅಣು ನಾರುನಾರಾಗಿ ಸೇರಿಕೊಳ್ಳದಂತೆ. ಬಿಸಿ, ಅಲುಗಾಟ, ಗಾಳಿಯ ಗುಳ್ಳೆ ಈ ಮೂರೂ ಸೇರಿದರೆ ಆ ಹಿಡಿತ ಸಡಿಲಗೊಳ್ಳುತ್ತದೆ. ಹೆಪ್ಪುಗಟ್ಟಿದರೂ ಕೆಡುತ್ತದೆ, ಕರಗಿದ ಮೇಲೆ ಮೊದಲಿನಂತೆ ಕಂಡರೂ ಬಳಸಬಾರದು. ತೆರೆಯದ ಬಾಟಲಿ 2ರಿಂದ 8 ಡಿಗ್ರಿ. ಫ್ರಿಜ್‌ನ ಮಂಜುಗಡ್ಡೆ ಖಾನೆಗೆ ತಾಗಿಸಿ ಇಡಬೇಡಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಸುಕಾದರೆ, ಅಥವಾ ಹಾಲಿನಂತಿರುವ ಮಿಶ್ರಣದಲ್ಲಿ ಕೈಯಲ್ಲಿ ಉರುಳಿಸಿದರೂ ಕರಗದ ಕಣ ಉಳಿದರೆ, ಎಸೆಯಬೇಕು. ಬಳಕೆಯಲ್ಲಿರುವ ಬಾಟಲಿ ಎಷ್ಟು ಡಿಗ್ರಿಯಲ್ಲಿ ಎಷ್ಟು ದಿನ ಎಂಬುದು ತಯಾರಿಕೆಯಿಂದ ತಯಾರಿಕೆಗೆ ಬೇರೆ, ಸಾಮಾನ್ಯವಾಗಿ 4 ವಾರ. ಒಳಗಿನ ಚೀಟಿ ಓದಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಕಡೆ ಒದ್ದೆ ಮಣ್ಣಿನ ಮಡಿಕೆಯಲ್ಲಿಡಿ ಎಂಬ ಸಲಹೆ ಕೇಳಿರುತ್ತೀರಿ. ಬಯಲುಸೀಮೆಯ ಒಣ ಗಾಳಿಗೆ ಅದು ಸರಿ, ನೀರು ಆರುತ್ತಾ ಮಡಿಕೆ ತಣಿಯುತ್ತದೆ. ಜುಲೈ ತಿಂಗಳ ಕಾರವಾರದಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಮೂರು ದಿನ ಆರುವುದಿಲ್ಲ, ಮಡಿಕೆ ಎಲ್ಲಿಂದ ಆರೀತು? ಮುಚ್ಚಳದ ಥರ್ಮಾಸ್ ಡಬ್ಬಿ, ಐಸ್ ಪ್ಯಾಕ್, ಎರಡರ ನಡುವೆ ದಪ್ಪ ಬಟ್ಟೆ. ಬಾಟಲಿಗೆ ಐಸ್ ನೇರ ತಾಗಬಾರದು.